ಆಸರೆ ಜಾಗ ಬಿಡಬಾರದು

ನಗುವವರು ಈಗಲೇ ನಕ್ಕುಬಿಡಿ. ಆಮೇಲೆ ನಗು ಬಂದರೂ ಗಂಟಲಲ್ಲೇ ನಿಂತುಬಿಡುತ್ತದೆ.

ಒಂದೂರಲ್ಲಿ ಬಾಳವ್ವ ಅಂತ ಒಬ್ಬಳು. ಗಂಡ ಗುಡ್ಡ ಕೊರೆಯಲು ಹೋಗಿ ಸುರಂಗ ಕುಸಿದು ಸತ್ತಿದ್ದ. ಉಳಿದವನು ಒಬ್ಬನೇ ಮಗ, ಸಿದ್ದ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಮೊಣಕಾಲಿಗೇ ನಿಂತಿತ್ತು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದ, ಅದೇ ಅವನ ರೋಗ. ಬಾಳವ್ವನ ರೋಗ ಬೇರೆ. ಕೆಮ್ಮಿದರೆ ರಕ್ತ ಬರುತ್ತಿತ್ತು.

"ಸಿದ್ಯಾ, ನಾ ಕಣ್ಣು ಮುಚ್ಚಿದರ ನಿನಗ ಅನ್ನ ಹಾಕೋರು ಯಾರೋ?"

"ಕಣ್ಣು ಮುಚ್ಚಿಕೊಂಡೇ ಹಾಕು ಯವ್ವಾ! ನನ್ನ ಬಾಯಿ ಎಲ್ಲೈತಿ ಅಂತ ನಿನಗ ಗೊತ್ತಿಲ್ಲೇನು?"

ಬಾಳವ್ವ ಹಣೆ ಹಣೆ ಬಡಿದುಕೊಂಡಳು. ಗುಡ್ಡದಾಚೆಯ ಹಳ್ಳದ ನೀರು ತರಲು ಊರವರು ಇನ್ನೂ ಸುರಂಗ ತೋಡುತ್ತಲೇ ಇದ್ದರು. ಗಂಡನನ್ನು ನುಂಗಿದ ಗುಡ್ಡಕ್ಕೇ ಮಗನನ್ನೂ ಕರೆದೊಯ್ದಳು. ಮತ್ತೇನು ಮಾಡಿಯಾಳು? ತಾನು ಹೋಗುವುದರೊಳಗೆ ಅವನಿಗೊಂದು ಕೆಲಸ ಬರಬೇಕು.

ಮೇಸ್ತ್ರಿ ಈರಭದ್ರ ಸಿದ್ದನ ಕೈಗೊಂದು ಹಾರೆ ಕೊಟ್ಟ. "ಒಳಗ ಹೋದ ಕೂಡಲೇ ತಲಿ ಮ್ಯಾಲೆ ಬಡಿದು ನೋಡು. ಠಣ್ ಅಂದರ ಗಟ್ಟಿ. ಡಬ್ ಅಂದರ ಪೊಳ್ಳು, ಎಲ್ಲಾರನ್ನೂ ಹೊರಗ ಓಡಿಸು!"

ಸಿದ್ದ ಒಳಗೆ ಹೋದ. ಯಾರ ತಲೆ ಅಂತ ಹೇಳಿರಲಿಲ್ಲ. ಹತ್ತಿರವಿದ್ದದ್ದು ಮೇಸ್ತ್ರಿಯದೇ. ರುಮಾಲಿನ ಮೇಲೆ ಹಾರೆಯಿಂದ ಮೆಲ್ಲಗೆ ಬಡಿದ. ಡಬ್!

"ಪೊಳ್ಳು! ಮೇಸ್ತ್ರಿ ತಲಿ ಪೊಳ್ಳು! ಓಡ್ರೋ!"

ನಲವತ್ತು ಮಂದಿ ಬುಟ್ಟಿ ಬಿಸಾಕಿ ಓಡಿದರು.

"ಏ ಪೆದ್ದಾ!" ಮೇಸ್ತ್ರಿ ತಲೆ ಸವರಿಕೊಂಡು ಕೂಗಿದ. "ಬಡಿಯೋದು ಬಿಡು. ಎಲ್ಲಿ ಬಾಗೈತಿ, ಅಲ್ಲಿ ಆಸರಿ ಕೊಡು. ಕಂಬ ನಿಲ್ಲಿಸು, ಬೆಣೆ ಹೊಡಿ!"

ಆಗಲಿ ಅಂದ ಸಿದ್ದ. ಸಂಜೆ ಒಂದು ಮೋಟುಕಂಬ ಹೊತ್ತು ಮನೆಗೆ ಬಂದ. ಬಾಳವ್ವ ಒಲೆಯ ಮುಂದೆ ಬಾಗಿ ಕೆಮ್ಮುತ್ತಿದ್ದಳು. ಬಾಗೈತಿ! ಅವಳ ಎದೆಯ ಕೆಳಗೆ ಕಂಬ ನಿಲ್ಲಿಸಿ ಬೆಣೆ ಹೊಡೆಯತೊಡಗಿದ.

"ಅಯ್ಯೋ ನನ್ನ ಕರ್ಮವೇ! ನನಗ ಕಟ್ಟಿಗಿ ಆಸರಿ ಯಾಕೋ? ನನಗ ನೀನೇ ಆಸರಿ!"

"ನಾನೇ?"

"ನೀನೇ! ಮತ್ಯಾರದಾರ ನನಗ?"

ಸಿದ್ದ ಕಂಬ ತೆಗೆದ. ಈ ಮಾತು ಅವನ ತಲೆಯಲ್ಲಿ ಗಟ್ಟಿಯಾಗಿ ಕೂತಿತು.

ಮರುದಿನ ಸುರಂಗದಲ್ಲಿ ಒಂದು ಕಡೆ ಛಾವಣಿ ಬಾಗಿದ್ದು ಕಂಡ. ಆಸರೆ ಕೊಡಬೇಕಲ್ಲ! ಪಕ್ಕದಲ್ಲಿ ನಿಂತಿದ್ದ ಕಂಬವನ್ನೇ ಕಿತ್ತು ಅಲ್ಲಿಗೆ ಒಯ್ದ. ಕಿತ್ತ ಜಾಗದಲ್ಲಿ ದಡದಡ ಮಣ್ಣು ಬಿತ್ತು. ಯಾರೂ ಸಾಯಲಿಲ್ಲ, ಅದು ಅವರ ಪುಣ್ಯ.

ಮೇಸ್ತ್ರಿ ಕೆನ್ನೆಗೆ ಬಾರಿಸಿದ. "ನಿಮ್ಮಪ್ಪ ಸತ್ತಿದ್ದೂ ಹಿಂಗೇ! ಇನ್ನೊಂದು ಆಸರಿ ನಿಲ್ಲೋತನಕ ಮೊದಲಿನ ಆಸರಿ ಜಾಗ ಬಿಡಬಾರದು! ತಿಳೀತೇನು? ನಾಳಿಂದ ಈ ಕಡೆ ಬರಬ್ಯಾಡ!"

ಸಿದ್ದ ಅಳುತ್ತಾ ಮನೆಗೆ ಬಂದ. ಬಾಳವ್ವ ಮಗನ ಮುಖ ನೋಡಿದಳು, ಕೆಲಸ ಹೋಯಿತೆಂದು ತಿಳಿಯಿತು. ಅವತ್ತೇ ಹಾಸಿಗೆ ಹಿಡಿದಳು. ಸಿದ್ದ ಅವಳ ಬೆನ್ನಿಗೆ ಹೆಗಲು ಕೊಟ್ಟು ಕೂತ. ಆಸರೆ ಅಲ್ಲವೇ ಅವನು?

"ಒಂದು ಗುಟುಕು ನೀರು ತಾರೋ, ಸಿದ್ಯಾ."

"ಹ್ಯಾಂಗ ತರಲಿ ಯವ್ವಾ? ಆಸರಿ ಜಾಗ ಬಿಡಬಾರದು. ಏ ಯಾರರ ಬರ‍್ರೋ, ಇನ್ನೊಂದು ಆಸರಿ ಬೇಕು!"

ಕೂಗು ಕೇಳಿ ಪಕ್ಕದ ಮನೆಯವರು ಓಡಿ ಬಂದು ನೀರು ತಂದರು. ಅಷ್ಟರಲ್ಲಿ ಬಾಳವ್ವ ಹೋಗಿಬಿಟ್ಟಿದ್ದಳು, ಮಗನ ಹೆಗಲಿಗೆ ಒರಗಿದ ಹಾಗೆಯೇ.

ಸತ್ತವರನ್ನು ಕೂರಿಸಿ ಮಣ್ಣು ಕೊಡುವ ಮಂದಿ ಅವರು. ಕುಣಿ ತೋಡಿ, ಅದರ ಪಕ್ಕಕ್ಕೆ ಅವಳು ಕೂರುವಷ್ಟು ಗೂಡು ಕೊರೆದರು. ಸಿದ್ದ ಇಳಿದು ಗೂಡಿನ ನೆತ್ತಿಗೆ ಬಡಿದು ನೋಡಿದ. ಡಬ್! ಎದ್ದವನೇ ಮನೆಗೆ ಓಡಿ ಕಂಬ ತಂದ, ಹಲಗೆ ತಂದ, ಬೆಣೆ ಹೊಡೆದ.

"ಸತ್ತವರಿಗೆ ಆಸರಿ ಯಾಕೋ ಹುಚ್ಚಾ?" ಅಂದರು ಜನ.

"ಅಪ್ಪನ ಮ್ಯಾಲೆ ಬಿದ್ದಂಗ ಅವ್ವನ ಮ್ಯಾಲೆ ಬೀಳಬಾರದು."

ಮೇಸ್ತ್ರಿ ಇಣುಕಿ ನೋಡಿದ. ಒಂದು ಬೆಣೆಯೂ ಸಡಿಲವಿರಲಿಲ್ಲ, ಒಂದು ಕಂಬವೂ ವಾಲಿರಲಿಲ್ಲ. ಅವನ ನಲವತ್ತು ಮಂದಿಯಲ್ಲಿ ಯಾರೂ ಇಷ್ಟು ಚೆನ್ನಾಗಿ ನಿಲ್ಲಿಸಿರಲಿಲ್ಲ. ಕೆಲಸ ಬಂದಿತ್ತು ಹುಡುಗನಿಗೆ. ನೋಡಬೇಕಾದವಳು ಇರಲಿಲ್ಲ.

ಬಾಳವ್ವನನ್ನು ಕೂರಿಸಿದರು. ಸಿದ್ದನೂ ಪಕ್ಕದಲ್ಲಿ ಹೆಗಲು ಕೊಟ್ಟು ಕೂತ.

"ಮ್ಯಾಲೆ ಬಾರೋ, ಮಣ್ಣು ಕೊಡಬೇಕು!" ಮೇಸ್ತ್ರಿ ಮೇಲಿಂದ ಕೂಗಿದ.

"ಇನ್ನೊಂದು ಆಸರಿ ನಿಲ್ಲೋತನಕ ಬಿಡಬಾರದು ಅಂದವರು ನೀವೇ ಅಲ್ಲೇನ್ರಿ, ಮೇಸ್ತ್ರಿ?"

ಮೇಸ್ತ್ರಿ ತಾನೇ ಕುಣಿಗೆ ಇಳಿದು ಸಿದ್ದನ ತಲೆ ಮೇಲೆ ಕೈಯಿಟ್ಟ. "ಆಗಲಿ ಮಗನೇ, ಇನ್ನ ಆಸರಿಗೆ ನಾ ನಿಂತೀನಿ. ನಾಳಿಂದ ಕೆಲಸಕ್ಕೂ ಬಾ, ಊಟಕ್ಕೂ ಬಾ. ಈಗ ಮ್ಯಾಲೆ ಹೋಗು."

"ನೀವು ನಿಂತೀರಿ?"

"ನಿಂತೀನಿ."

ಸಿದ್ದ ತಾಯಿಯ ಕಾಲು ಮುಟ್ಟಿ ಮೇಲೆ ಬಂದ. ಕಣ್ಣೊರೆಸಿಕೊಂಡ. ಒಂದು ಬುಟ್ಟಿ ಮಣ್ಣೆತ್ತಿ, ಕುಣಿಯಲ್ಲೇ ನಿಂತಿದ್ದ ಮೇಸ್ತ್ರಿಯ ರುಮಾಲಿನ ಮೇಲೆ ಸುರಿದ.

"ಏ ಪೆದ್ದಾ! ನಾ ಇನ್ನೂ ಒಳಗ ಅದೀನೋ!" ಮೇಸ್ತ್ರಿ ಹತ್ತಲು ಹೋದ.

ಸಿದ್ದ ಎರಡೂ ಕೈ ಚಾಚಿ ತಡೆದ. "ಎಲ್ಲಿಗ್ರಿ ಮೇಸ್ತ್ರಿ? ಆಸರಿ ಜಾಗ ಬಿಡಬಾರದು!"

ಸುತ್ತ ನಿಂತವರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮೇಸ್ತ್ರಿ ರುಮಾಲಿನ ಮಣ್ಣು ಕೊಡವಲಿಲ್ಲ. ನಿಂತಲ್ಲೇ ನಿಂತ.