ಹೊಟ್ಟೆ ಮುಟ್ಟಿ ಕಣ್ಣು ಮುಟ್ಟೋ ಮುದುಕಿ

ಬಾ, ಈ ಕಡೆ ಮಗ್ಗುಲಾಗು. ಕಾಲು ನನ್ನ ಮೇಲೆ ಹಾಕಬೇಡ ಕೂಸೇ, ಮಂಡಿ ನೋಯುತ್ತೆ. ಸಾಯಂಕಾಲ ತಟ್ಟೆ ಮುಂದೆ ಕೂತು ಮೂತಿ ಉದ್ದ ಮಾಡಿದ್ದು ಯಾರು? ಇವತ್ತೂ ಮುದ್ದೆ ಬಸ್ಸಾರಾ ಅಂತ ರಾಗ ಎಳೆದಿದ್ದು ಯಾರು? ನಿಮ್ಮಮ್ಮ ಫ್ಯಾಕ್ಟರಿ ಬಸ್ಸಿಳಿದು ಬಂದೋಳು ಬ್ಯಾಗು ಕೆಳಗಿಡೋಕೆ ಮುಂಚೆ ಒಲೆ ಹಚ್ಚಿದ್ಲು, ನಾನು ನೋಡ್ತಾ ಇದ್ದೆ. ಇರಲಿ, ಬೈಯೋದಿಲ್ಲ. ಕತೆ ಹೇಳ್ತೀನಿ, ಹೂಂ ಅಂತಿರಬೇಕು. ನಿನ್ನ ಹೂಂ ನಿಂತ್ರೆ ನನ್ನ ಕತೇನೂ ನಿಲ್ಲುತ್ತೆ.

ಒಂದಾನೊಂದು ಕಾಲದಲ್ಲಿ, ಬೆಂಕಿಪೊಟ್ಟಣ ಇನ್ನೂ ಹುಟ್ಟದೆ ಇದ್ದಾಗ, ಅಕ್ಕಪಕ್ಕದ ಮನೆಯಿಂದ ಕೆಂಡ ಈಸ್ಕೊಂಡು ಬಂದು ಒಲೆ ಹಚ್ಚೋ ಕಾಲದಲ್ಲಿ, ಒಂದೂರಲ್ಲಿ ದೇವೀರಿ ಅಂತ ಒಬ್ಬಳು ಕುಂಬಾರ್ತಿ ಇದ್ದಳಂತೆ. ಅವಳ ಗಂಡ ಚೆನ್ನಿಗ ತಿಗರಿ ತಿರುಗಿಸಿ ಮಡಕೆ ಎತ್ತೋನು, ಇವಳು ಮಣ್ಣು ತುಳಿದು ಹದ ಮಾಡೋಳು. ಮೂರು ಮಕ್ಕಳು. ದೊಡ್ಡೋನು, ನಡುಕಲೋನು, ಕೊನೇದು ಚಿಕ್ಕಿ ಅಂತ ಹೆಣ್ಣುಕೂಸು, ನಿನ್ನಷ್ಟೇ ಇತ್ತು, ನಿನಗಿಂತ ಮಾತು ಕಮ್ಮಿ. ಊರಿಗೆಲ್ಲ ಮಡಕೆ ಮಾಡಿಕೊಡೋರ ಮನೇಲಿ ಅಡುಗೆಗೆ ಅಂತ ಇದ್ದದ್ದು ಒಂದು ಗಟ್ಟಿ ಮಡಕೆ, ಇನ್ನೊಂದು ಬಾಯಿ ಮುರಿದಿದ್ದು. ಮಿಕ್ಕಿದ್ದೆಲ್ಲ ಸಂತೆಗೆ.

ಆಗಿನ ಕಾಲದಲ್ಲಿ ನಿದ್ದೆ ಅಂದ್ರೆ ಈಗಿನಂಗೆ ಎಲ್ಲಿಂದಲೋ ಬರ್ತಿರಲಿಲ್ಲವಂತೆ. ನಿದ್ದೆ ಅನ್ನೋಳು ಒಬ್ಬಳು ಮುದುಕಿ. ಹೆಗಲ ಮೇಲೆ ಒಂದು ಕರೀ ಕಂಬಳಿ ಹಾಕ್ಕೊಂಡು, ದೀಪ ಹಚ್ಚೋ ಹೊತ್ತಿಗೆ ಊರ ಹೊರಗಿಂದ ನಡ್ಕೊಂಡು ಬರೋಳು. ಒಂದೊಂದೇ ಮನೆಗೆ ನುಗ್ಗಿ, ಮೊದಲು ಮಕ್ಕಳ ಕಣ್ಣಿಗೆ ಕಂಬಳಿ ತುದಿ ತಾಗಿಸೋಳು, ಆಮೇಲೆ ದೊಡ್ಡೋರಿಗೆ. ಉಂಡಿದ್ದಾರಾ ಇಲ್ವಾ ಅಂತ ಅವಳೇನು ಕೇಳ್ತಿರಲಿಲ್ಲ. ಊರಿನ ಕೊನೇ ಮನೆ ಗೌಡರದ್ದು, ಅಲ್ಲಿಗೆ ಹೋಗೋ ಹೊತ್ತಿಗೆ ಆ ಮನೆ ಮಕ್ಕಳು ಎರಡು ಸಲ ಉಂಡು ಕೈ ತೊಳೆದಿರೋರು. ಆದ್ರೆ ಮಡಕೆ ಸುಡೋ ಹೊಗೆ ಊರಿಗೆ ಬೇಡ ಅಂತ ಕುಂಬಾರರ ಮನೆ ಊರ ಹೊರಗಿತ್ತಲ್ಲ, ಮುದುಕಿಗೆ ಅದೇ ಮೊದಲನೇ ಮನೆ.

ಹಂಗಾಗಿ ಏನಾಗೋದು? ದೇವೀರಿ ಹೊತ್ತು ಮುಳುಗೋವರೆಗೂ ಮಣ್ಣು ತುಳಿದು, ಕೈಕಾಲು ತೊಳ್ಕೊಂಡು, ಊರೊಳಕ್ಕೆ ಓಡಿ ಕೆಂಡ ತಂದು ಒಲೆ ಊದೋ ಹೊತ್ತಿಗೆ ಮುದುಕಿ ಬಂದೇಬಿಡೋಳು. ಗಂಡುಮಕ್ಕಳು ಹೆಂಗೋ ಕಣ್ಣುಜ್ಜಿಕೊಂಡು ಕಾಯೋರು, ಚಿಕ್ಕಿ ಮಾತ್ರ ಖಾಲಿ ತಟ್ಟೆ ಪಕ್ಕ ಒರಗಿಬಿಡೋದು. ಅಡುಗೆ ಆದ ಮೇಲೆ ಎಬ್ಬಿಸಿದ್ರೆ ಏಳೋದಿಲ್ಲ. ರಾತ್ರಿ ಉಪವಾಸ ಮಲಗಿದ್ರೆ ಆನೇನೂ ಬಡವಾಗುತ್ತೆ ಅಂತಾರೆ, ಇದಂತೂ ಕೂಸು. ಕೆನ್ನೆ ಇಳೀತು, ಕಾಲ್ಗೆಜ್ಜೆ ತಾನಾಗಿ ಜಾರಿ ಬೀಳೋಕೆ ಶುರುವಾಯ್ತಂತೆ. ಜಾರಿದ ಗೆಜ್ಜೆ ಕೈಲಿ ಹಿಡ್ಕೊಂಡು ದೇವೀರಿ ಒಂದು ದಿನ ಕೂತಲ್ಲೇ ಅತ್ತುಬಿಟ್ಟಳಂತೆ. ಈ ಕೂಸು ನನ್ನ ಕೈಗೆ ದಕ್ಕೋದಿಲ್ಲವೇನೋ ಅಂತ.

ಹೂಂ ಅನ್ನು. ಹಾಂ.

ಆಮೇಲೆ ಕೆಂಡ ಕೊಡೋ ನೆರೆಮನೆಯಾಕೆ ಹೇಳಿದಳಂತೆ, ಅಲ್ಲ ಕಣೇ, ದಿನಾ ಅದೇ ಅಂಬಲಿ ಗಂಜಿ ಅಂದ್ರೆ ಯಾವ ಮಗು ಕಾಯುತ್ತೆ, ಒಂದು ದಿನ ಹಿದಕಿದ ಬೇಳೆ ಸಾರು ಮಾಡು, ಘಮಕ್ಕೆ ನಿದ್ದೆ ಹತ್ತಿರ ಸುಳಿಯಲ್ಲ ನೋಡು ಅಂತ. ಸರಿ ಅಂತ ದೇವೀರಿ ನೆನೆಹಾಕಿದ ಅವರೆಕಾಳು ಗುಡ್ಡೆ ಹಾಕ್ಕೊಂಡು ಕೂತಳಂತೆ. ಹಿದಕಿದ ಬೇಳೆ ಅಂದ್ರೆ ಸುಮ್ನೇನಾ? ಒಂದೊಂದೇ ಕಾಳು ಎರಡು ಬೆರಳಲ್ಲಿ ಹಿದುಕಬೇಕು, ಸಿಪ್ಪೆ ಒಂದು ಕಡೆ ಬೇಳೆ ಒಂದು ಕಡೆ. ಮನೆ ಮಂದಿಯೆಲ್ಲ ಸುತ್ತ ಕೂತು ಹಿದುಕಿದರಂತೆ. ಗುಡ್ಡೆ ಅರ್ಧ ಕರಗೋಕೆ ಮುಂಚೆ ಮುದುಕಿ ಬಂದಳು, ಕಂಬಳಿ ತಾಗಿಸಿದಳು, ಚಿಕ್ಕಿ ಎರಡು ಬೆರಳ ನಡುವೆ ಒಂದು ಕಾಳು ಹಿಡ್ಕೊಂಡೇ ನಿದ್ದೆ ಹೋಯ್ತಂತೆ. ಸಾರು ಬಲು ಚೆನ್ನಾಗಿತ್ತಂತೆ. ಏನು ಬಂತು?

ಆಮೇಲೆ ಎರಡನೇ ದಿನ ದೇವೀರಿಗೆ ಸಿಟ್ಟು ಬಂತಂತೆ. ಅಡುಗೆ ಬೇಗ ಆಗೋದಿಲ್ಲ ಅಂದ್ರೆ ಆ ಮುದುಕೀನೇ ತಡೀತೀನಿ ಅಂತ, ಬಾಗಿಲಿಗೆ ಅಗುಳಿ ಹಾಕಿ, ಸಂದಿಗೆಲ್ಲ ಮಣ್ಣು ಮೆತ್ತಿ, ಮೇಲಿನ ಬೆಳಕಿಂಡಿಗೆ ಹುಲ್ಲು ತುರುಕಿ, ಆಮೇಲೆ ಒಲೆ ಹಚ್ಚಿದಳಂತೆ. ಹೊಗೆ ಎಲ್ಲಿಗೆ ಹೋಗಬೇಕು? ಮನೆ ತುಂಬ ಸುತ್ತಿ, ಎಲ್ಲರಿಗೂ ಕೆಮ್ಮು, ಕಣ್ಣಲ್ಲಿ ನೀರು. ಚಿಕ್ಕಿ ಉರಿ ತಾಳಲಾರದೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ್ತು. ಹೊರಗಿಂದ ಮುದುಕಿ ಅಂದಳಂತೆ, ನಾನು ಒಳಕ್ಕೆ ಬರೋದೇ ಬೇಡ ಬಿಡವ್ವ, ಮುಚ್ಚಿದ ಕಣ್ಣು ಸಿಕ್ಕಿದ್ರೆ ನನಗೆ ಸಾಕು ಅಂತ. ಅವತ್ತು ಗಂಡುಮಕ್ಕಳೂ ಉಣ್ಣದೆ ಮಲಗಿದರಂತೆ.

ನಗಬೇಡ. ಕೂಸಿನ ಸಂಕಟಕ್ಕೆ ತಾಯಂದಿರು ಇನ್ನೂ ಪೆದ್ದು ಕೆಲಸ ಮಾಡ್ತಾರೆ, ಅದಕ್ಕೆ ನಗಬಾರದು.

ಆಮೇಲೆ ಮೂರನೇ ದಿನ ಬೆಳಿಗ್ಗೆ ದೇವೀರಿ ಮಡಕೆ ತೆಗೆಯೋಕೆ ಅಂತ ಆವಿಗೆಗೆ ಹೋದಳಂತೆ. ಆವಿಗೆ ಅಂದ್ರೆ ಹಸಿ ಮಡಕೆ ಪೇರಿಸಿ, ಹುಲ್ಲು ಬೆರಣಿ ಮುಚ್ಚಿ ಸುಡೋ ಜಾಗ. ಹಿಂದಿನ ದಿನ ಹಚ್ಚಿದ್ದು, ಆರಿರುತ್ತೆ ಅಂತ ಬೂದಿಗೆ ಕೈ ಹಾಕಿದ್ರೆ ಬೆರಳು ಚುರ್ ಅಂತು. ಬೆರಳು ಬಾಯಲ್ಲಿಟ್ಕೊಂಡು ನಿಂತೋಳಿಗೆ ಆಗ ಹೊಳೀತಂತೆ, ಅಲ್ಲ, ರಾತ್ರಿಯೆಲ್ಲ ಕಳೆದ್ರೂ ಈ ಬೂದಿ ಇಷ್ಟು ಸುಡ್ತಾ ಇದೆ, ನನ್ನ ಹಿತ್ತಿಲಲ್ಲೇ ಬೆಟ್ಟದಷ್ಟು ಬಿಸಿ ಬಿದ್ದಿದೆ, ನಾನು ಒಂದು ಹಿಡಿ ಕೆಂಡಕ್ಕೆ ಊರೊಳಕ್ಕೆ ಓಡ್ತೀನಲ್ಲ ಅಂತ. ಅಂಗೈಲಿ ಬೆಣ್ಣೆ ಇಟ್ಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಂಗಾಯ್ತು ನನ್ನ ಬಾಳು ಅಂತ ಒಬ್ಬಳೇ ನಕ್ಕಳಂತೆ. ಹುಟ್ಟಿದಾಗಿಂದ ಕುಂಬಾರ್ತಿ ನೋಡು, ಆ ಬೆಂಕಿ ಮಡಕೆಗೇ ಅಂತ ತಿಳ್ಕೊಂಡಿದ್ದಳು, ಹೊಟ್ಟೆಗೂ ಆಗುತ್ತೆ ಅಂತ ತಲೆಗೇ ಬಂದಿರಲಿಲ್ಲ.

ಅವಳು ತಡ ಮಾಡಲಿಲ್ಲ. ಗಟ್ಟಿ ಮಡಕೆಗೆ ಹುರುಳಿಕಾಳು ಹಾಕಿ, ಕತ್ತಿನ ತನಕ ನೀರು ಹುಯ್ದು, ಮುಚ್ಚಳ ಮುಚ್ಚಿ ಬಿಸಿ ಬೂದಿಯೊಳಗೆ ಹೂತಿಟ್ಟು ಕೆಲಸಕ್ಕೆ ಹೋದಳಂತೆ. ಇವಳು ಮಣ್ಣು ತುಳೀತಾ ಇದ್ದರೆ ಅಲ್ಲಿ ಕಾಳು ತನ್ನಷ್ಟಕ್ಕೆ ಬೇಯ್ತಾ ಇತ್ತು. ಮಣ್ಣು ಅಗೆಯೋಕೆ ಕೆರೆ ಹತ್ತಿರ ಹೋದಾಗ ಅಲ್ಲೇ ಬೆಳೆದಿದ್ದ ಹೊನಗೊನೆ ಸೊಪ್ಪು, ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು ಮಡಿಲು ತುಂಬ ಕಿತ್ಕೊಂಡು ಬಂದಳು. ಯಾರಪ್ಪನ ಮನೆಯದೂ ಅಲ್ಲ, ಭೂಮಿತಾಯಿ ಕೊಟ್ಟಿದ್ದು. ಸಂಜೆ ಬಂದು ಮುಚ್ಚಳ ತೆಗೆದ್ರೆ ಕಾಳು ಬೆಣ್ಣೆಯಂಗೆ ಬೆಂದಿದೆ. ಅದಕ್ಕೇ ಸೊಪ್ಪು ಹಾಕಿ, ಆವಿಗೆ ಕೆಂಡದಲ್ಲೇ ಒಲೆ ಹಚ್ಚಿ ಒಂದು ಕುದಿ ಬರಿಸಿದಳು.

ಆಮೇಲೆ ಮುದ್ದೆಗೆ ಎಸರಿಡಬೇಕಲ್ಲ, ಇರೋದು ಒಂದೇ ಗಟ್ಟಿ ಮಡಕೆ. ಮಡಕೆ ಖಾಲಿ ಮಾಡೋಕೆ ಅಂತ ಬಾಯಿ ಮುರಿದ ಮಡಕೆಗೆ ನೀರು ಬಸಿದಳು, ಸೊಪ್ಪು ಕಾಳು ಎಲೆ ಮೇಲೆ ಹಾಕಿದಳು. ಬಸಿದ ನೀರು ಚೆಲ್ಲೋಕೆ ಹೋದೋಳು ಒಂಚೂರು ನೆಕ್ಕಿ ನೋಡಿದಳಂತೆ. ಅಯ್ಯೋ, ರುಚಿಯೆಲ್ಲ ಇದರಲ್ಲೇ ಇದೆಯಲ್ಲ, ಇದನ್ನೇ ಚೆಲ್ಲೋಕೆ ಹೋಗಿದ್ದೆನಲ್ಲ ಅಂದ್ಕೊಂಡು, ಬೂದೀಲಿ ಸುಟ್ಟ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಒಂಚೂರು ಹುಣಸೆಹಣ್ಣು, ಒಂದು ಹಿಡಿ ಬೆಂದ ಕಾಳು ಸೇರಿಸಿ ಅರೆದು ಅದಕ್ಕೇ ಕದಡಿ ಕುದಿಸಿದಳಂತೆ, ಅದೇ ಬಸ್ಸಾರು. ಎಲೆ ಮೇಲಿನ ಸೊಪ್ಪಿಗೆ ಈರುಳ್ಳಿ ಒಗ್ಗರಣೆ ಬಿತ್ತು, ಪಲ್ಯ ಆಯ್ತು. ಖಾಲಿಯಾದ ಮಡಕೇಲಿ ಮುದ್ದೆ ಆಯ್ತು. ಸಾರು, ಪಲ್ಯ, ಮುದ್ದೆ ಮೂರೂ ಆದ್ರೂ ಇನ್ನೂ ದೀಪ ಹಚ್ಚಿರಲಿಲ್ಲವಂತೆ.

ಮನೆ ಮಂದಿಗೆ ತಲೆಗೊಂದು ಮುದ್ದೆ ಇಟ್ಟಳು. ಚಿಕ್ಕಿ ಸಣ್ಣ ಮುದ್ದೆ ಮುಂದೆ ಕೂತು ಕಣ್ಣರಳಿಸ್ತಾ ಇತ್ತು. ಆಗ ಚೆನ್ನಿಗ ಅಂದನಂತೆ, ನಮ್ಮಪ್ಪ ಉಣ್ಣೋಕೆ ಮುಂಚೆ ಬಾಗಿಲಲ್ಲಿ ನಿಂತು ಹಸಿದೋರು ಯಾರಾದ್ರೂ ಇದ್ದೀರಾ ಅಂತ ಕೂಗೋನು, ನಾವು ದಿನಾ ಹೊತ್ತು ಮೀರಿ ಉಂಡೂ ಉಂಡೂ ಅದನ್ನ ಮರೆತೇಬಿಟ್ವಿ, ಇವತ್ತು ಕೂಗಲಾ ಅಂತ. ಕೂಗಿ ಅಂದಳು. ಅವನು ಬಾಗಿಲಿಗೆ ಹೋಗಿ, ಹಸಿದೋರು ಯಾರಾದ್ರೂ ಇದ್ದೀರಾ ಅಂತ ಕೂಗಿದನಂತೆ. ಅದಕ್ಕೆ ಮಬ್ಬುಗತ್ತಲ ಕಡೆಯಿಂದ, ನಾನಿದ್ದೀನಪ್ಪ, ಅಂತ ಒಂದು ದನಿ.

ಯಾರು ಹೇಳು? ಹೂಂ, ಅವಳೇ. ಹೆಗಲ ಮೇಲೆ ಕರೀ ಕಂಬಳಿ.

ಚಿಕ್ಕಿ ಇನ್ನೂ ಮೊದಲನೇ ತುತ್ತು ಮುರೀತಾ ಇದೆ. ಬಾಗಿಲು ಹಾಕಿಬಿಡೋಣ ಅಂತ ದೇವೀರಿ ಎದ್ದಳಂತೆ. ಆದ್ರೆ ಹಸಿದೋರು ಬನ್ನಿ ಅಂತ ಕರೆದು ಬಾಗಿಲು ಹಾಕೋದು ಹೆಂಗೆ? ಆ ಪಾಪ ಯಾವ ಮನೇಗೆ ಒಳ್ಳೇದು ಮಾಡುತ್ತೆ? ಕೂಸಿನ ಮುಖ ನೋಡಿದಳು, ಮುದುಕಿ ಮುಖ ನೋಡಿದಳು. ಆಮೇಲೆ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ತನ್ನ ಮುದ್ದೆ ಎತ್ತಿ ಮುದುಕಿ ತಟ್ಟೆಗಿಟ್ಟು, ಮೇಲೆ ಸಾರು ಬಿಟ್ಟು, ಉಣ್ಣಜ್ಜಿ, ಆದ್ರೆ ನಿಧಾನಕ್ಕೆ ಉಣ್ಣು, ಅಂದಳಂತೆ. ಅಷ್ಟೇ ಬೇಡ್ಕೊಂಡಿದ್ದು.

ಮುದುಕಿ ಕಂಬಳಿ ಪಕ್ಕಕ್ಕಿಟ್ಟು ಒಂದು ತುತ್ತು ನುಂಗಿದಳು. ಕಣ್ಣಲ್ಲಿ ನೀರು ಬಂತಂತೆ. ಖಾರ ಆಯ್ತಾ ಅಜ್ಜಿ ಅಂತ ಚಿಕ್ಕಿ ಕೇಳ್ತು. ಇಲ್ಲ ಕೂಸೇ, ಲೋಕದ ಎಲ್ಲ ಮನೆಗೂ ಹೋಗ್ತೀನಿ, ನನ್ನ ಕಂಡ ತಕ್ಷಣ ಎಲ್ಲರೂ ಕಣ್ಣು ಮುಚ್ಚಿಬಿಡ್ತಾರೆ, ಉಣ್ಣಜ್ಜಿ ಅಂದೋರು ಇಲ್ಲಿವರೆಗೂ ಒಬ್ಬರಿಲ್ಲ, ಹೊಟ್ಟೆ ತುಂಬೋದು ಅಂದ್ರೆ ಹಿಂಗಿರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ, ಅಂದಳಂತೆ. ನಿಧಾನಕ್ಕೆ, ಬೆರಳು ನೆಕ್ಕಿಕೊಂಡು ಉಂಡಳು. ಅವಳ ಎದುರಿಗೆ ಕೂತು ಚಿಕ್ಕಿ ಪಲ್ಯ ಸಾರು ಎರಡನ್ನೂ ಹಾಕಿಸ್ಕೊಂಡು ಉಣ್ತಾ ಇತ್ತು.

ಅರ್ಧ ಮುದ್ದೆ ಆದ ಮೇಲೆ ಚಿಕ್ಕಿ ಕೈ ನಿಲ್ಲಿಸ್ತಂತೆ. ಯಾಕವ್ವ ಅಂದ್ರೆ, ಅಮ್ಮನ ತಟ್ಟೆ ಖಾಲಿ ಇದೆ ಅಂತು. ತನ್ನ ಮುದ್ದೇಲಿ ಒಂದು ತುಂಡು ಮುರಿದು ಅಮ್ಮನ ತಟ್ಟೆಗೆ ಹಾಕ್ತು. ಅದನ್ನ ನೋಡಿ ನಡುಕಲೋನು ಒಂದು ತುಂಡು ಹಾಕಿದ, ದೊಡ್ಡೋನು ಒಂದು ತುಂಡು ಹಾಕಿದ. ಮೂರು ತುಂಡು ಸೇರಿ ಒಂದು ಮುದ್ದೆಯಾಯ್ತು. ಅಮ್ಮಾ, ಸಾರು ಚೆನ್ನಾಗಿದೆ, ನಾಳೇನೂ ಮಾಡು ಅಂತ ಚಿಕ್ಕಿ ಅಂದಾಗ ದೇವೀರಿ ಸಂತೋಷಕ್ಕೆ ಅದರ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳಂತೆ.

ಮುದುಕಿ ಕೈ ತೊಳೆದು ಎದ್ದಳು. ದೇವೀರಿ, ನಿನ್ನ ಉಪ್ಪು ಉಂಡಿದ್ದೀನಿ ಕಣವ್ವ, ಇವತ್ತಿಂದ ಯಾವ ಮನೆಗೆ ಹೋದ್ರೂ ಮಕ್ಕಳ ಕಣ್ಣು ಮುಟ್ಟೋಕೆ ಮುಂಚೆ ಹೊಟ್ಟೆ ಮುಟ್ಟಿ ನೋಡ್ತೀನಿ, ಹೊಟ್ಟೆ ತುಂಬಿದ್ರೇನೇ ಕಂಬಳಿ ಬಿಚ್ಚೋದು, ಅಂದಳಂತೆ. ಚಿಕ್ಕಿ ಹೊಟ್ಟೆ ಮುಟ್ಟಿದಳು, ಗುಂಡಗಿತ್ತು. ಆಮೇಲೆ ಕಣ್ಣು ಮುಟ್ಟಿದಳು. ಸ್ವಲ್ಪ ದಿನಕ್ಕೆ ಕೆನ್ನೆ ತುಂಬಿ, ಗೆಜ್ಜೆ ಕಾಲಲ್ಲಿ ನಿಂತು, ಮನೆ ತುಂಬ ಝಣ ಝಣ ಅಂತ ಓಡಾಡ್ತಂತೆ ಆ ಕೂಸು. ಮುದುಕಿಗೆ ಈಗ ವಯಸ್ಸಾಯ್ತು, ಕೆಲವು ಮನೇಲಿ ಹೊಟ್ಟೆ ಮುಟ್ಟೋದನ್ನ ಮರೀತಾಳೆ. ಅದಕ್ಕೇ ತಾಯಂದಿರು ಅವಳಿಗಿಂತ ಮುಂಚೆ ಓಡಿ ಬರೋದು.

ಎಲ್ಲಿ, ನಿನ್ನ ಹೊಟ್ಟೆ ತೋರಿಸು. ಹೂಂ, ಗುಂಡಗಿದೆ. ಮೂತಿ ಉದ್ದ ಮಾಡಿದ್ರೂ ಉಂಡಿದ್ದೀಯ, ಕಳ್ಳಿ. ನಿಮ್ಮಮ್ಮನ ಕೈ ತಣ್ಣಗಿರಲಿ.

ಏನಂದೆ? ಗಟ್ಟಿಯಾಗಿ ಹೇಳು, ಕಿವಿ ಮಂದ ನನಗೆ.

ಅಮ್ಮ ಉಂಡ್ಲಾ ಅಂತಾನಾ? ಉಣ್ತಾ ಇದ್ದಾಳೆ ಕೂಸೇ, ತಟ್ಟೆ ಸದ್ದು ಕೇಳಿಸ್ತಿಲ್ವಾ? ಹೋಗಬೇಡ, ಮಲ್ಕೋ, ನೀನು ಕೇಳಿದೆ ಅಂತ ನಾನೇ ಹೇಳ್ತೀನಿ. ಅಷ್ಟು ಕೇಳಿದ್ರೆ ಅವಳಿಗೆ ಇನ್ನೊಂದು ಮುದ್ದೆ ಉಂಡಷ್ಟಾಗುತ್ತೆ.

ಹೂಂ ನಿಂತು ಹೋಯ್ತು. ಮುದುಕಿ ಬಂದಳು ಅಂತ ಕಾಣುತ್ತೆ, ಕತೇನೂ ಮುಗೀತು. ಬಾ ತಾಯಿ, ಒಳಗೆ ಬಸ್ಸಾರು ಇನ್ನೂ ಬಿಸಿ ಇದೆ, ಉಂಡು ಹೋಗು.