ತಪ್ಪು ಯಾರದೆಂದು ಹುಡುಕಲು ಹೊರಟ ಗಾಡಿಕಾರ

“ಅಜ್ಜಾರ, ಪೆಟ್ರೋಲ್ ರೇಟು ಹಿಂಗ ಏರಾಕತ್ತೈತಲ್ರಿ, ಇದಕ್ಕ ತಪ್ಪು ಯಾರದ್ರಿ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಗದಿಗೆಪ್ಪ. ಬೇಕರಿಯ ಬ್ರೆಡ್ಡು, ಟೋಸ್ಟು, ಖಾರಿ ಬಿಸ್ಕೀಟುಗಳನ್ನು ದೊಡ್ಡ ಡಬ್ಬಿಯಲ್ಲಿ ತುಂಬಿ, ಆ ಡಬ್ಬಿಯನ್ನು ಬೈಕಿನ ಹಿಂದಿನ ಸೀಟಿಗೆ ಕಟ್ಟಿಕೊಂಡು, ಹಳ್ಳಿಹಳ್ಳಿಯ ಅಂಗಡಿಗಳಿಗೆ ಹಾಕಿ ಬರುವುದು ಅವನ ಕಸುಬು. ಅಮವಾಸ್ಯೆಯ ದಿನ ಮಾತ್ರ ಡಬ್ಬಿ ಬಿಚ್ಚಿಟ್ಟು, ಸ್ನಾನ ಮಾಡಿ ಮಠಕ್ಕೆ ಬರುತ್ತಿದ್ದ. ಈ ಸಲದ ಅಮವಾಸ್ಯೆಗೆ ಬಂದವನು ಗುರುಗಳಿಗೆ ನಮಸ್ಕಾರ ಮಾಡಿದ್ದೂ ಸಿಟ್ಟಿನಿಂದಲೇ.

ಗುರುಗಳು ಮೊರದಲ್ಲಿ ದಾಸೋಹದ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ತಲೆಯೆತ್ತಿ, “ಯಾರನ್ನರ ಕೇಳಿ ನೋಡಿದೇನು?” ಎಂದರು.

“ಎಲ್ಲಾರನ್ನೂ ಕೇಳೇನ್ರಿ. ಬಂಕಿನ್ಯಾವ ಕಂಪನಿ ಕಡೆ ಬಟ್ಟು ತೋರಸ್ತಾನ. ಟಿವಿಯಾಗ ಒಬ್ಬಾವ ದಿಲ್ಲಿ ಅಂತಾನ, ಇನ್ನೊಬ್ಬಾವ ಬೆಂಗಳೂರು ಅಂತಾನ, ಮತ್ತೊಬ್ಬಾವ ಸಮುದ್ರದ ಆಚೆ ಯುದ್ಧ ನಡದೈತಿ ಅಂತಾನ. ಬಂಕಿನಾಗ ಆ ಮೀಟರ್ ಓಡೋದು ನೋಡಿದ್ರ ಎದಿ ಝಲ್ ಅಂತೈತ್ರಿ. ಈ ಸಲ ಪಂಚಮಿಗೆ ಹಂಚಿನಾಳಕ್ಕ ಹೋಗಿ ತಂಗಿ ನಿಂಬೆವ್ವನ್ನ ಕರ್ಕೊಂಡು ಬರೋದೂ ಬ್ಯಾಡಂತ ಮಾಡೇನಿ. ಬಸ್ಸಿಗೆ ಬಾರವ್ವ ಅಂತ ಫೋನಿನಾಗ ಹೇಳಿದೆ.”

“ನಿಂಬೆವ್ವ ಏನಂದ್ಲು?”

“ಇರಲಿ ಬಿಡು ಅಣ್ಣಾ ಅಂದ್ಲು. ಅದನ್ನ ಬಿಡ್ರಿ ಅಜ್ಜಾರ. ತಪ್ಪು ಯಾರದು, ಅದನ್ನ ಹೇಳ್ರಿ. ಅಂಥಾವನ್ನ ಹಿಡದು ಕೇಳಬೇಕು.”

ಗುರುಗಳು ಮೊರವನ್ನು ಬದಿಗಿಟ್ಟರು. ಅವರು ಕೈಯಲ್ಲಿದ್ದ ಕೆಲಸವನ್ನು ಬದಿಗಿಟ್ಟರೆ ಕತೆ ಬರುತ್ತದೆಂದು ಮಠಕ್ಕೆ ಬರುವವರಿಗೆಲ್ಲ ಗೊತ್ತು. ಗದಿಗೆಪ್ಪ ಚಕ್ಕಳಮಕ್ಕಳ ಹಾಕಿ ಕುಳಿತ. ಗುರುಗಳು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಗಾಡಿಕಾರನಿದ್ದ. ಅವನಿಗೆ ಒಂದು ಗಾಡಿ, ಒಂದು ಜೋಡಿ ಎತ್ತು. ಜನರನ್ನೂ ಸಾಮಾನುಗಳನ್ನೂ ಊರಿಂದೂರಿಗೆ ಮುಟ್ಟಿಸಿ ಬಾಡಿಗೆ ತೆಗೆದುಕೊಳ್ಳುತ್ತಿದ್ದ. ಗಾಡಿ ಓಡಲು ಎತ್ತು ಬೇಕು, ಎತ್ತು ನಡೆಯಲು ಮೇವು ಬೇಕು. ಅವನ ಬದುಕು ಅಷ್ಟರಲ್ಲೇ ಇತ್ತು.

ಎಡಗಡೆಯ ಎತ್ತಿನ ಕೊರಳಲ್ಲಿ ಒಂದು ಹಳೆಯ ಗಂಟೆ. ಅದರ ಅಂಚು ಸೀಳಿತ್ತು. ಉಳಿದ ಗಂಟೆಗಳ ಹಾಗೆ ಅದು ಘಣಘಣ ಎನ್ನುತ್ತಿರಲಿಲ್ಲ. ಮುದುಕರು ಕೆಮ್ಮಿದ ಹಾಗೆ ಸದ್ದು ಮಾಡುತ್ತಿತ್ತು. ಹೊಸದೊಂದು ಕಟ್ಟಬಾರದೇ ಎಂದು ಊರವರು ನಗುತ್ತಿದ್ದರು. ಆದರೆ ಅದನ್ನು ಕಟ್ಟಿದವಳು ಅವನ ತಂಗಿ, ಚಿಕ್ಕವಳಿದ್ದಾಗ. ಅದಕ್ಕಾಗಿ ಅವನು ಬಿಚ್ಚಿರಲಿಲ್ಲ. ಒಳ್ಳೆಯ ಮನುಷ್ಯನೇ. ಸಿಟ್ಟು ಬಂದಾಗ ಮಾತ್ರ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ, ಕಿವಿ ಕೇಳುತ್ತಿರಲಿಲ್ಲ.

ತಂಗಿಯನ್ನು ರಾಜಧಾನಿಯ ದಾರಿಯಲ್ಲಿದ್ದ ಒಂದು ಊರಿಗೆ ಕೊಟ್ಟಿದ್ದರು. ಪ್ರತಿವರ್ಷ ಪಂಚಮಿಗೆ ಮುಂಚೆ ಅಣ್ಣ ಗಾಡಿ ಹೂಡಿಕೊಂಡು ಹೋಗಿ ಅವಳನ್ನು ಕರೆತರುತ್ತಿದ್ದ. ಕೊಟ್ಟ ಹೆಣ್ಣುಮಗಳು ಪಂಚಮಿಗೆ ತಾನಾಗಿ ತವರಿಗೆ ಹೋಗುವುದಿಲ್ಲ. ದಾರಿ ಗೊತ್ತಿಲ್ಲವೆಂದಲ್ಲ, ನಡೆಯಲು ಬಾರದೆಂದೂ ಅಲ್ಲ. ತವರಿನವರು ಬಾಗಿಲಿಗೆ ಬರಬೇಕು. ಅವಳ ಕೈಯಿಂದ ಕಾಲಿಗೆ ನೀರು ಇಸಿದುಕೊಳ್ಳಬೇಕು. ‘ನಡಿಯವ್ವ, ಹೋಗೋಣ’ ಅನ್ನಬೇಕು. ನನ್ನವರು ಇದ್ದಾರೆ ಎಂದು ಅತ್ತೆಯ ಮನೆಯಲ್ಲಿ ಹೇಳಿಕೊಳ್ಳಲು ಅವಳಿಗೆ ಅದೊಂದೇ ಮಾತು ಸಾಕು.

ಆ ವರ್ಷ ಬೇಸಿಗೆಯಲ್ಲಿ ತಂಗಿಯ ಕೂಸು ತೀರಿಕೊಂಡಿತ್ತು. ಆಗ ಮನೆತುಂಬ ಜನ ಸೇರಿದ್ದರು. ಬಂದವರೆಲ್ಲ ಸಮಾಧಾನ ಹೇಳಿದರು. ಸಮಾಧಾನ ಹೇಳುವವರ ನಡುವೆ ಅವಳಿಗೆ ಅಳಲು ಆಗಲೇ ಇಲ್ಲ. ಪಂಚಮಿಗೆ ತವರಿಗೆ ಹೋದಾಗ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಒಮ್ಮೆ ಅತ್ತುಬಿಡಬೇಕು ಎಂದುಕೊಂಡು ಅವಳು ದಿನ ನೂಕುತ್ತಿದ್ದಳು.

ಅದೇ ವರ್ಷ ಮೇವಿನ ಬೆಲೆ ಏರಿತು. ಒಂದು ಸಲ ಏರಿ ನಿಲ್ಲಲಿಲ್ಲ. ಸಂತೆಯಿಂದ ಸಂತೆಗೆ ಏರುತ್ತ ಹೋಯಿತು. ಗಾಡಿಕಾರನಿಗೆ ಸಿಟ್ಟು ಬಂತು. ಅದು ಸುಳ್ಳು ಸಿಟ್ಟೇನೂ ಅಲ್ಲ. ಎತ್ತುಗಳ ಪಕ್ಕೆಲುಬು ಹೊರಗೆ ಕಾಣುತ್ತಿದ್ದವು. ಅವನು ಬಾಡಿಗೆ ಏರಿಸಿದ. ಮೇವು ಏರಿದ್ದಕ್ಕಿಂತ ತುಸು ಹೆಚ್ಚೇ ಏರಿಸಿದ, ಅದು ಬೇರೆ ಮಾತು. ಗಿರಾಕಿಗಳು ಅವನನ್ನು ಬೈದುಕೊಂಡು ನಡೆದೇ ಹೋಗತೊಡಗಿದರು.

ಮನೆಯಲ್ಲಿ ಅವ್ವ ಪಂಚಮಿಯ ಉಂಡಿಗೆಂದು ಶೇಂಗಾ ಹುರಿಯುತ್ತಿದ್ದಳು. ತಂಗಿಯನ್ನು ಕರೆಯಲು ಯಾವಾಗ ಹೋಗುತ್ತೀ ಎಂದು ಮಗನನ್ನು ಕೇಳಿದಳು. ಈ ಮೇವಿನ ಬೆಲೆಯಲ್ಲಿ ಅಷ್ಟು ದೂರ ಗಾಡಿ ಹೂಡಲು ಆಗುವುದಿಲ್ಲ, ಮುಂದಿನ ವರ್ಷ ನೋಡೋಣ ಎಂದು ಅವನು ಹೇಳಿದ. ಅವ್ವ ಹುರಿಯುವುದನ್ನು ನಿಲ್ಲಿಸಲಿಲ್ಲ. ಅವಳಿಗೆ ಮಗನ ಮೇಲೆ ಇನ್ನೂ ನಂಬಿಕೆಯಿತ್ತು.

ಗಾಡಿಕಾರ ನೇರವಾಗಿ ಮೇವು ಮಾರುವವನ ಬಳಿಗೆ ಹೋಗಿ ಜಗಳ ತೆಗೆದ. ಅವನು ಕೈಮುಗಿದು, ಪೇಟೆಯ ಸಾಹುಕಾರ ಹೇಳಿದ ಬೆಲೆಗೆ ತಾನು ಕೊಂಡು ತಂದದ್ದು, ಕೇಳುವುದಿದ್ದರೆ ಅವನನ್ನು ಕೇಳು ಎಂದ. ಗಾಡಿಕಾರ ತಡಮಾಡಲಿಲ್ಲ. ಮನೆಯಲ್ಲಿ ಇದ್ದಬಿದ್ದ ಮೇವನ್ನೆಲ್ಲ ಗಾಡಿಯ ಅಡಿಗೆ ಕಟ್ಟಿ ಎತ್ತು ಹೂಡಿದ. ತಂಗಿಯ ಊರಿಗೆ ಸಾಲದಿದ್ದ ಮೇವು ಸಿಟ್ಟಿಗೆ ಸಾಕಾಯಿತು.

ಪೇಟೆಯ ಸಾಹುಕಾರ ಅವನನ್ನು ಗಾದಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟ. ದಾರಿಯಲ್ಲಿ ಸುಂಕ ಏರಿದೆ, ತಾನೇನು ಮಾಡಲಿ ಎಂದ. ತನ್ನ ಉಗ್ರಾಣದಲ್ಲಿ ಹಳೆಯ ಬೆಲೆಗೆ ಕೊಂಡ ಮೇವು ಇನ್ನೂ ರಾಶಿ ಬಿದ್ದಿರುವುದನ್ನು ಹೇಳಲಿಲ್ಲ. ಸುಂಕದ ಕಟ್ಟೆಯವನು ತನ್ನ ಕೈಯಲ್ಲಿದ್ದ ಮುದ್ರೆಯನ್ನು ತೋರಿಸಿ, ಇದು ಅರಮನೆಯದು, ನನ್ನದಲ್ಲ ಎಂದ. ಮುದ್ರೆಯಿಲ್ಲದೆ ಕಿಸೆಗೆ ಬೀಳುವುದನ್ನು ಅವನೂ ಹೇಳಲಿಲ್ಲ. ಹೀಗೆ ಎಲ್ಲರೂ ನಿಜವನ್ನೇ ಹೇಳಿದರು. ತಮ್ಮ ಪಾಲಿನದೊಂದನ್ನು ಮಾತ್ರ ಬಿಟ್ಟು ಹೇಳಿದರು. ಗಾಡಿಕಾರನ ಸಿಟ್ಟು ದೊಡ್ಡದಾಗುತ್ತ ಹೋಯಿತು. ಅರಮನೆಯನ್ನೇ ಕೇಳುತ್ತೇನೆ ಎಂದು ಅವನು ಗಾಡಿಯನ್ನು ರಾಜಧಾನಿಯ ದಾರಿಗೆ ತಿರುಗಿಸಿದ.

ಆ ದಾರಿಯಲ್ಲೇ ತಂಗಿಯ ಊರು. ಊರಿನ ಮೊದಲ ಮನೆಯೇ ಅವಳದು.

ತಂಗಿ ಒಳಗೆ ಹಿಟ್ಟು ನಾದುತ್ತಿದ್ದಳು. ದೂರದಿಂದ ಗಂಟೆಯ ಸದ್ದು ಕೇಳಿಸಿತು. ಕೆಮ್ಮಿದ ಹಾಗಿನ ಆ ಸದ್ದು ಲೋಕದಲ್ಲಿ ಇನ್ನೊಂದು ಎತ್ತಿನ ಕೊರಳಲ್ಲಿಲ್ಲ. ‘ಅತ್ತೀ, ನಮ್ಮ ಅಣ್ಣ ಬಂದ’ ಎಂದು ಕೂಗಿ, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ತಂಬಿಗೆಯಲ್ಲಿ ನೀರು ತುಂಬಿಕೊಂಡು ಹೊಸ್ತಿಲಿಗೆ ಬಂದಳು. ಅವಳ ಸೀರೆಯ ಗಂಟು ಅಮವಾಸ್ಯೆಯ ದಿನದಿಂದಲೇ ಕಟ್ಟಿ ಸಿದ್ಧವಾಗಿತ್ತು.

ಗಾಡಿ ಬಂತು. ಮನೆಯ ಮುಂದೆ ಬಂದಾಗ ಎಡಗಡೆಯ ಎತ್ತು ಪ್ರತಿವರ್ಷದ ರೂಢಿಯಂತೆ ಬಾಗಿಲ ಕಡೆಗೆ ಎಳೆಯಿತು. ಅರಮನೆಯಲ್ಲಿ ಏನೇನು ಕೇಳಬೇಕೆಂದು ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತಿದ್ದ ಗಾಡಿಕಾರ ಹಗ್ಗ ಜಗ್ಗಿ ಅದನ್ನು ದಾರಿಗೆ ತಂದ. ಅವನು ತಲೆಯೆತ್ತಲಿಲ್ಲ. ಗಾಡಿ ಮುಂದೆ ಹೋಯಿತು.

ಎತ್ತಿಗೆ ನೀರು ಕುಡಿಸಲು ಕೆರೆಗೆ ಹೋಗಿರಬೇಕು, ಈಗ ಬರುತ್ತಾನೆ ಎಂದುಕೊಂಡು ತಂಗಿ ತಂಬಿಗೆ ಹಿಡಿದು ನಿಂತೇ ಇದ್ದಳು. ಗಂಟೆಯ ಸದ್ದು ಸಣ್ಣದಾಗುತ್ತ ಹೋಗಿ ನಿಂತುಹೋಯಿತು. ಆಗ ಅತ್ತೆ ಹೊರಗೆ ಬಂದು, ಬೇರೆ ಯಾರದೋ ಗಾಡಿಯಿರಬೇಕವ್ವ ಎಂದಳು. ಹೌದು ಅತ್ತೀ, ಬೇರೆ ಯಾರದೋ ಎಂದು ತಂಗಿಯೂ ಅಂದಳು. ಅತ್ತೆಗೂ ಆ ಗಂಟೆಯ ಗುರುತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಒಳಗೆ ಹೋದರು. ಆ ಅತ್ತೆ ದೊಡ್ಡ ಮನಸ್ಸಿನವಳು.

ಅರಮನೆಯ ಬಾಗಿಲಲ್ಲಿ ಗಾಡಿಕಾರ ಕಾದ. ಅವನ ಹಾಗೆ ಕೇಳಲು ಬಂದವರು ಬಹಳ ಜನ ಇದ್ದರು. ಕಾಯುತ್ತಿರುವಾಗಲೇ ಪಂಚಮಿ ಬಂದು ಹೋಯಿತು. ಕೊನೆಗೆ ಒಬ್ಬ ಅಧಿಕಾರಿ ಹೊರಗೆ ಬಂದು, ದೂರದ ನಾಡಿನಲ್ಲಿ ಯುದ್ಧ ನಡೆದಿದೆ, ಮೇವೆಲ್ಲ ಕುದುರೆಗಳಿಗೆ ಹೋಗುತ್ತಿದೆ, ಅದಕ್ಕೇ ಬೆಲೆ ಏರಿದೆ ಎಂದ. ಹಾಗಾದರೆ ಸುಂಕ ಏರಿಸಿದ್ದು ಏಕೆ ಎಂದು ಗಾಡಿಕಾರ ಕೇಳಿದ. ಒಳ್ಳೆಯ ಪ್ರಶ್ನೆ. ಅಧಿಕಾರಿ, ಊಟದ ಹೊತ್ತಾಯಿತು ಎಂದು ಒಳಗೆ ಹೋದ.

ಆದರೂ ಗಾಡಿಕಾರನಿಗೆ ಎಷ್ಟೋ ಹಗುರವಾಯಿತು. ತಪ್ಪು ಯಾರ್ಯಾರದು ಎಂದು ಈಗ ಅವನಿಗೆ ಮೊದಲಿನಿಂದ ಕೊನೆಯವರೆಗೆ ಗೊತ್ತಿತ್ತು. ಗಾಡಿಯ ಅಡಿಯ ಮೇವು ಮುಗಿದಿತ್ತು. ಹಸಿದ ಎತ್ತುಗಳು ನಿಧಾನಕ್ಕೆ ಕಾಲೆಳೆಯುತ್ತ ಬಂದವು. ತಂಗಿಯ ಮನೆಯ ಮುಂದೆ ಎಡಗಡೆಯ ಎತ್ತು ನಿಂತುಬಿಟ್ಟಿತು. ಎಷ್ಟು ಹಗ್ಗ ಜಗ್ಗಿದರೂ ಈ ಸಲ ಅದು ಕದಲಲಿಲ್ಲ. ಆಗ ಗಾಡಿಕಾರ ತಲೆಯೆತ್ತಿ ನೋಡಿದ.

ತಂಗಿ ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಅಣ್ಣನ ಕಾಲಿಗೆ ನೀರು ಕೊಟ್ಟಳು. ತಮ್ಮ ಬಣವೆಯಿಂದ ಎರಡು ಸೂಡು ಮೇವು ಹಿರಿದು ಎತ್ತುಗಳ ಮುಂದೆ ಹಾಕಿದಳು. ಅಣ್ಣ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದ. ಮೇವು ಮಾರುವವನು ಅಂದದ್ದು, ಸಾಹುಕಾರ ಅಂದದ್ದು, ಸುಂಕದವನ ಮುದ್ರೆ, ಅರಮನೆ, ಯುದ್ಧ. ತಂಗಿ ಅಣ್ಣನ ಪ್ರತಿ ಮಾತಿಗೂ ‘ಹೂಂ’ ಅನ್ನುತ್ತ ಕೇಳಿದಳು. ಅವನು ಹೇಳಿ ಮುಗಿಸಿದ ಮೇಲೆ, ಎತ್ತಿನ ಕೊರಳ ಗಂಟೆಯನ್ನು ಸವರುತ್ತ ಒಂದೇ ಒಂದು ಮಾತು ಕೇಳಿದಳು.

“ಅವತ್ತ ಇಲ್ಲೀತನಕ ಬಂದಿದ್ದಿಯಲ್ಲ ಅಣ್ಣಾ, ಗಾಡಿ ಖಾಲೀನ ಇತ್ತಲ್ಲ?”

ಗಾಡಿಕಾರನ ಬಳಿ ಎಲ್ಲರ ಉತ್ತರವೂ ಇತ್ತು. ಅವನು ಖಾಲಿ ಗಾಡಿಯ ಕಡೆ ನೋಡಿದ.

“ಇರಲಿ ಬಿಡು,” ಎಂದಳು ತಂಗಿ. “ಅವ್ವ ಈ ವರ್ಸಾನೂ ಉಂಡಿ ಕಟ್ಟಿದ್ಲೇನು?”

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಗದಿಗೆಪ್ಪ ಹಟವನ್ನು ಪೂರ್ತಿ ಬಿಟ್ಟಿರಲಿಲ್ಲ. “ಹಂಗಾರ ಯಾರನ್ನೂ ಏನೂ ಕೇಳಬಾರದೇನ್ರಿ ಅಜ್ಜಾರ? ಏರಿಸಿದಾವರು ಏರಿಸ್ಕೋತ ಹೋಗಲೇನು?” ಎಂದ.

“ಯಾಕ ಕೇಳಬಾರದು? ಕೇಳು. ಅರಮನಿ ಬಾಗಲಾಗ ನಿಂತು ಗಟ್ಟಿಯಾಗೇ ಕೇಳು. ಉತ್ತರ ಕೊಡೋದು ಅವರ ಕೆಲಸ, ಕೊಡೂತನಕ ಬಿಡಬ್ಯಾಡ.”

ಗುರುಗಳು ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡು ಅಕ್ಕಿ ಹರಡಿದರು. ಅಂಗಳದಲ್ಲಿ ನಿಂತಿದ್ದ ಗದಿಗೆಪ್ಪನ ಬೈಕನ್ನು ಒಮ್ಮೆ ನೋಡಿದರು. ಕಲ್ಲು ಆರಿಸುತ್ತಲೇ ಹೇಳಿದರು.

“ಹಂಚಿನಾಳದ ಮ್ಯಾಲಿಂದನ ಬಂದಿ, ಹಂಚಿನಾಳದ ಮ್ಯಾಲಿಂದನ ಹೋಗ್ತಿ, ಇವತ್ತ ಹಿಂದಿನ ಸೀಟು ಖಾಲೀನ ಐತಲ್ಲ ತಮ್ಮಾ?”