ಅಜ್ಜನವರು ಮುಲ್ಕಿ ಪರೀಕ್ಷೆಗೆ ಕೂತದ್ದು

ನೀರಿನ ಮೇಲೆ ನಡೆದ ಸ್ವಾಮಿಗಳ ಕಥೆಯನ್ನು ಒಂದೂರಿನವರು ಹೇಳುತ್ತಾರೆ, ಹುಲಿಯನ್ನು ಹಸುವಿನಂತೆ ಗೂಟಕ್ಕೆ ಕಟ್ಟಿದವರ ಕಥೆಯನ್ನು ಇನ್ನೊಂದೂರಿನವರು ಹೇಳುತ್ತಾರೆ. ಹೇಳಲಿ, ನಮ್ಮದೇನೂ ತಕರಾರಿಲ್ಲ. ನಮ್ಮ ಹಿರೇಮಡ್ಡಿ ಮಠದ ಪರಮಪೂಜ್ಯ ಗುರುಶಾಂತಯ್ಯ ಅಜ್ಜನವರು ಪರೀಕ್ಷೆಯಲ್ಲಿ ನಪಾಸಾಗಿದ್ದರು. ಒಂದು ಸಲವಲ್ಲ, ಎರಡು ಸಲ. ಇದನ್ನು ಎದೆ ತಟ್ಟಿ ಹೇಳಿಕೊಳ್ಳುವ ಭಾಗ್ಯ ನಮ್ಮೂರಿಗೆ ಮಾತ್ರ ಇದೆ.

ಮಠವೆಂದರೆ ಕಲ್ಲಿನ ಕಮಾನು, ಬೆಳ್ಳಿಯ ಪಲ್ಲಕ್ಕಿ ಎಂದುಕೊಳ್ಳಬೇಡಿ. ಮಣ್ಣಿನ ಮಾಳಿಗೆ, ಮುಂದೊಂದು ಪಡಸಾಲೆ, ಹಿಂದೆ ದಾಸೋಹದ ಒಲೆ, ಅಷ್ಟೇ. ಅಜ್ಜನವರು ಬಾಲ್ಯದಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮಠಕ್ಕೆ ಬಂದ ಮೇಲೆ ತಾವೇ ಅಕ್ಷರ ಕೂಡಿಸಿ ಕೂಡಿಸಿ ಪುರಾಣ ಓದುವಷ್ಟು ಕಲಿತಿದ್ದರು. ಒಂದು ದಿನ ಪಡಸಾಲೆಯಲ್ಲಿ ಕೂತು ದಾಸೋಹದ ಜೋಳದೊಳಗಿನ ಹರಳು ಆರಿಸುತ್ತಿದ್ದಾಗ ನೀಲಗಂಗವ್ವ ಬಂದು, ನಮಸ್ಕರಿಸಿ, ಬಲಗೈ ಮುಂದೆ ಚಾಚಿದಳು.

"ಕಂಕಣಾ ಬಿಚ್ಚರಿ ಅಜ್ಜಾರ. ನನ್ನ ಕೈಲೆ ಆಗೂದಿಲ್ಲ."

ನಮ್ಮ ಕಡೆ ಯಾರಾದರೂ ದೊಡ್ಡದೊಂದು ಸಂಕಲ್ಪ ಮಾಡಿದರೆ ಗುರುವಿನ ಕೈಯಿಂದ ಅರಿಸಿನದ ದಾರ ಕಟ್ಟಿಸಿಕೊಳ್ಳುತ್ತಾರೆ. ಸಂಕಲ್ಪ ಕೈಬಿಡುವುದಾದರೆ ಕಟ್ಟಿದ ಕೈಯೇ ಬಿಚ್ಚಬೇಕು. ನೀಲಗಂಗವ್ವನ ಸಂಕಲ್ಪ ಮುಲ್ಕಿ ಪಾಸಾಗುವುದಾಗಿತ್ತು. ಆ ಕಾಲಕ್ಕೆ ಏಳನೆಯ ಇಯತ್ತೆಯ ಆ ಪರೀಕ್ಷೆ ದಾಟಿದರೆ ಟ್ರೇನಿಂಗ್ ಮುಗಿಸಿ ಮಾಸ್ತರಿಕೆ ಹಿಡಿಯಬಹುದಿತ್ತು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಯ ಒಲೆ ಮುಂದೆ ಕೂತವಳಿಗೆ ಬೇರೆ ಬಾಗಿಲು ಇರಲಿಲ್ಲ. ಮನೆಯಲ್ಲಿ ಕೂತು ಓದಿ ಎರಡು ಸಲ ಪರೀಕ್ಷೆಗೆ ಹೋಗಿ ಬಂದಳು. ಎರಡೂ ಸಲ ಗಣಿತ ಕೈಕೊಟ್ಟಿತು. "ನೆಲಾ ಸಾರಸೂ ಕೈಗೆ ಪಾಟಿ ಯಾಕವ್ವಾ?" ಎಂದು ಅತ್ತಿಗೆ ಕೇಳಿದ್ದಳು. ಬಾವಿಕಟ್ಟೆಯಲ್ಲಿ ಹೆಂಗಸರು ನಕ್ಕಿದ್ದರು. ಬಡವರ ಮನೆಯ ಹೆಣ್ಣು ಮೇಲೇಳುವುದಕ್ಕೆ ಹೊರಟರೆ ನಗುವ ಬಾಯಿಗೆ ನಮ್ಮೂರಲ್ಲೂ ಕೊರತೆಯಿರಲಿಲ್ಲ, ಅದನ್ನೇಕೆ ಮುಚ್ಚಿಡಲಿ?

ಅಜ್ಜನವರು ಆ ಕೈಯನ್ನು ನೋಡಿದರು. ದಾರ ಮುಟ್ಟಲಿಲ್ಲ.

"ಅಷ್ಟ ಕಠಿಣ ಐತೇನವ್ವಾ ಆ ಪರೀಕ್ಷಾ? ತಡಿ, ನಾನೂ ಒಂದು ಕೈ ನೋಡತೀನಿ. ಅಲ್ಲೀತನಕಾ ಅದು ಇರಲಿ."

ಅವಳು ವಿನೋದವೆಂದುಕೊಂಡಳು. ಊರೂ ಹಾಗೆಯೇ ಎಂದುಕೊಂಡಿತು. ಮರುದಿನ ಅಜ್ಜನವರು ಪೂಜೆ ಮುಗಿಸಿ ಪಾಟಿ ಹಿಡಿದು ಕೂತಾಗ ನಗೆ ನಿಂತಿತು. ದಿನಕ್ಕೆ ಒಂದೇ ಲೆಕ್ಕ. ತಪ್ಪಾಗಲಿ ಸರಿಯಾಗಲಿ, ಅದನ್ನು ಬಿಡಿಸಿಯೇ ಪ್ರಸಾದಕ್ಕೆ ಏಳುತ್ತಿದ್ದರು. ಮಠದ ಹಿರಿಯ ಭಕ್ತರಾದ ಸಂಗನಬಸಪ್ಪ ದೇಸಾಯರಿಗೆ ಇದು ಸಂಕಟವಾಯಿತು. "ಜಗದ್ಗುರುವಿನಂಥಾವ್ರು, ಹುಡುಗರ ಸಂಗಾಟ ಬಾಕಿನ ಮ್ಯಾಲೆ ಕೂಡೂದು ಶೋಭಾ ಅಲ್ಲರಿ" ಎಂದು ಬೇಡಿಕೊಂಡರು. ಅಜ್ಜನವರು ನಕ್ಕು ಪಾಟಿ ಒರೆಸಿಕೊಂಡರು.

ಪರೀಕ್ಷೆಯ ದಿನ ತಾಲೂಕಿನ ಶಾಲೆಯಲ್ಲಿ ಕಾವಿಯುಟ್ಟ ಆ ವೃದ್ಧಮೂರ್ತಿಯನ್ನು ಕಂಡು ಮೇಲ್ವಿಚಾರಕರು ಗಾಬರಿಯಾಗಿ ಪಾದಕ್ಕೆರಗಿದರಂತೆ. "ವ್ಯಾಳ್ಯಾ ಹೊಂಟೈತಿ, ಮೊದಲ ಪೇಪರ ಕೊಡ್ರಿ" ಎಂದರಂತೆ ಅಜ್ಜನವರು. ನೀಲಗಂಗವ್ವ ಆ ವರ್ಷ ಪರೀಕ್ಷೆಗೆ ಹೋಗಲೇ ಇಲ್ಲ.

ಫಲಿತಾಂಶ ಬಂದಾಗ ಪಟ್ಟಿಯಲ್ಲಿ ಅಜ್ಜನವರ ಹೆಸರಿರಲಿಲ್ಲ.

ಊರಿಗೆ ಊರೇ ತಲೆ ತಗ್ಗಿಸಿತು. ಸರ್ವಜ್ಞರೆಂದು ಪಾದೋದಕ ಸೇವಿಸಿದ ಗುರುಗಳು ಏಳನೆಯ ಇಯತ್ತೆಯಲ್ಲಿ ನಪಾಸು! ಭಕ್ತರು ತಮ್ಮೊಳಗೇ ಕೂಡಿ ಒಂದು ದಾರಿ ಹುಡುಕಿದರು. ಶ್ರಾವಣದ ಪುರಾಣದ ಸಭೆಯಲ್ಲಿ ದೇಸಾಯರು ಎದ್ದು ನಿಂತು, ಭಕ್ತರ ಅಹಂಕಾರ ಮುರಿಯಲೆಂದು ಅಜ್ಜನವರು ಬೇಕೆಂದೇ ತಪ್ಪು ಬರೆದು ಲೀಲೆ ತೋರಿದ್ದಾರೆ ಎಂದು ಸಾರಿದರು. ಹರಹರ ಎಂದು ಕೈಗಳೆಲ್ಲ ಮೇಲೆದ್ದವು. ಊರಿನ ಮಾನ ಉಳಿಯಿತು ಎನ್ನುವಷ್ಟರಲ್ಲಿ ಅಜ್ಜನವರು ಬಾಯಿ ತೆರೆದರು.

"ಲೀಲಾ ಅಲ್ಲೋ ಯಪ್ಪಾ, ಭಿನ್ನರಾಶಿ. ನನಗ ತಿಳೀಲಿಲ್ಲ. ಮತ್ತ ಕೂಡತೀನಿ."

ದೇಸಾಯರು ನಿಂತಲ್ಲೇ ಕೆಂಪಾದರು. ಅಜ್ಜನವರ ಮುಖದಲ್ಲಿ ಮಾತ್ರ ನಾಚಿಕೆಯ ಸುಳಿವೂ ಇರಲಿಲ್ಲ. ಮಳೆ ಬಂತೆಂದು ಹೊಲದಿಂದ ತಿರುಗಿ ಬಂದು, ನಾಳೆ ಮತ್ತೆ ಹೋಗುವವರ ಮುಖ ಅದು. ಹೆಂಗಸರ ಸಾಲಿನ ಕೊನೆಯಲ್ಲಿ ಕೂತಿದ್ದ ನೀಲಗಂಗವ್ವ ಆ ಮುಖವನ್ನೇ ನೋಡುತ್ತಿದ್ದಳು. ನಪಾಸಾದವರು ಹೀಗೂ ತಲೆಯೆತ್ತಿ ಕೂರಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆ ಸಭೆಯಲ್ಲಿ ಹೆಂಗಸರು ಎದ್ದು ಮಾತಾಡುವ ಪದ್ಧತಿಯಿರಲಿಲ್ಲ. ಅವಳು ಎದ್ದಳು.

"ಅಜ್ಜಾರ, ಭಿನ್ನರಾಶಿ ನನಗ ಬರತಾವ. ನಾ ಬಿದ್ದದ್ದು ಕಾಲ-ಕೆಲಸದ ಲೆಕ್ಕದಾಗ."

"ಅದು ನನಗ ಬರತೈತಿ," ಎಂದರು ಅಜ್ಜನವರು. "ಮಠದ ಗ್ವಾಡಿ ಎಷ್ಟ ಸಲಾ ಕಟ್ಟಿಸೀನಿ! ಎಷ್ಟ ಆಳು ಎಷ್ಟ ದಿನಾ ಅನ್ನೂದ ನನ್ನ ಕೇಳು. ನಾಳೆ ಬಾ."

ಮಾರನೆಯ ದಿನದಿಂದ ಒಂದೇ ಪಡಸಾಲೆಯಲ್ಲಿ ಎರಡು ಪಾಟಿ. ಅವಳು ರೊಟ್ಟಿ ಮುರಿದು ಭಿನ್ನರಾಶಿ ತೋರಿಸುವಳು, ಅವರು ಗೋಡೆ ತೋರಿಸಿ ಕಾಲ-ಕೆಲಸ ತಿಳಿಸುವರು. ಬೇಸರವಾದ ದಿನ ಅವಳು ಮುಖ ತೊಳೆದುಕೊಂಡು ತಡವಾಗಿ ಬಂದರೂ ಅಜ್ಜನವರು ಕಾರಣ ಕೇಳುತ್ತಿರಲಿಲ್ಲ, "ಇವತ್ತಿನದು ಯಾವದು?" ಎಂದಷ್ಟೇ ಕೇಳುತ್ತಿದ್ದರು. ಅತ್ತಿಗೆಯೂ ಬಾಯಿ ಮುಚ್ಚಿಕೊಂಡಳು. ಗುರುಗಳ ಕೈಯಲ್ಲೇ ಪಾಟಿ ಇರುವಾಗ ಯಾರಿಗೆ ಏನೆಂದಾಳು?

ವರ್ಷ ತುಂಬಿ ಇಬ್ಬರೂ ಪರೀಕ್ಷೆಗೆ ಕೂತರು. ಪಟ್ಟಿ ನೋಡಲು ದೇಸಾಯರೇ ಅವಳನ್ನು ತಮ್ಮ ಬಂಡಿಯಲ್ಲಿ ಕರೆದೊಯ್ದರು. ಅವಳು ತನ್ನ ಹೆಸರು ಕಂಡಳು. ಆದರೆ ಹಿಗ್ಗಲಿಲ್ಲ, ಬೆರಳಿಟ್ಟು ಪಟ್ಟಿಯ ತುದಿಯವರೆಗೆ ಅಜ್ಜನವರ ಹೆಸರು ಹುಡುಕಿದಳು. ಇರಲಿಲ್ಲ. ದಾರಿಯುದ್ದಕ್ಕೂ ಅಳುತ್ತ ಬಂದು ಅವರ ಪಾದದ ಬಳಿ ಕುಸಿದಳು.

"ನೀ ಪಾಸಾದಿ?" ಎಂದು ಕೇಳಿದರು ಅಜ್ಜನವರು.

"ಹೌದ್ರಿ. ಆದರ ನೀವು..."

"ಹಂಗಾರ ಅಳೂದ್ಯಾಕ? ಬರೂ ವರ್ಷಕ್ಕ ನನಗ ಮಾಸ್ತರು ಸಿಕ್ಕಂಗಾತು."

ಮೂರನೆಯ ಸಲ ಅಜ್ಜನವರು ಪಾಸಾದರು. ಊರಿಗೆಲ್ಲ ಸಕ್ಕರೆ ಹಂಚಿದರು, ನಿಜ. ಆದರೆ ನಮ್ಮ ಹಿರಿಯರು ಕಣ್ಣೊರೆಸಿಕೊಂಡು ಹೇಳುತ್ತಿದ್ದುದು ಆ ದಿನದ ಮಾತನ್ನಲ್ಲ. ಅವಳು ಪಾಸಾದ ಮರುದಿನದ ಬೆಳಗಿನ ಮಾತನ್ನು.

ಅಂದು ಸೋಮವಾರ, ದರ್ಶನಕ್ಕೆ ಬಂದವರಿಂದ ಪಡಸಾಲೆ ತುಂಬಿತ್ತು. ದೇಸಾಯರು ಮುಂದೆ ಕೂತಿದ್ದರು. ನೀಲಗಂಗವ್ವ ಎಂದಿನಂತೆ ಸೆರಗು ಹೊದ್ದು, ತಲೆ ತಗ್ಗಿಸಿ, ಬಾಗಿಲಲ್ಲಿ ಕಾಲಿಟ್ಟಳು. ಅವಳನ್ನು ಕಂಡೊಡನೆ ಅಜ್ಜನವರು ಮೊಣಕಾಲ ಮೇಲೆ ಕೈಯೂರಿ, ನಿಧಾನವಾಗಿ, ತಮ್ಮ ಪೀಠದಿಂದ ಎದ್ದು ನಿಂತರು. ಏನೋ ಆಯಿತೆಂದು ದೇಸಾಯರು ಧಾವಿಸಿದರು.

"ಏನಿಲ್ಲ," ಎಂದರು ಅಜ್ಜನವರು. "ಮಾಸ್ತರು ಬಂದಾಗ ಎದ್ದು ನಿಂದರಬೇಕು. ಸಾಲ್ಯಾಗ ಅದ ಪದ್ಧತಿ."

ಗುರುಗಳು ನಿಂತ ಮೇಲೆ ಕೂತಿರುವವರುಂಟೇ? ದೇಸಾಯರು ನಿಂತರು, ಅಣ್ಣ ನಿಂತ, ಅತ್ತಿಗೆ ನಿಂತಳು, ಬಾವಿಕಟ್ಟೆಯಲ್ಲಿ ನಕ್ಕವರೆಲ್ಲ ನಿಂತರು. ನೀಲಗಂಗವ್ವ ಬಾಗಿಲಲ್ಲಿ ಒಂದು ಗಳಿಗೆ ತಡೆದಳು. ಆಮೇಲೆ ತಲೆಯೆತ್ತಿ, ಅವರೆಲ್ಲರ ನಡುವೆ ನಡೆದು ಬಂದು, "ಕೂಡ್ರಿ" ಎಂದಳು.